ವರ್ಷಕ್ಕೆ ಹತ್ತು ದಿನ ಗೋಡೆಗೆ: ಕೃಷ್ಣಮೂರ್ತಿಪುರಂನ ಆರು ಕಛೇರಿ ಪೋಸ್ಟರುಗಳು

ಹೋದ ಕಾರ್ತಿಕದಲ್ಲಿ ಮೈಸೂರಿನ ಕೃಷ್ಣಮೂರ್ತಿಪುರಂನಿಂದ ನನಗೊಂದು ಫೋನ್ ಬಂತು. ಮಾತಾಡಿದವರು ನಿವೃತ್ತ ಮೇಷ್ಟ್ರು. "ನಮ್ಮ ತಂದೆಯವರ ಟ್ರಂಕಿನಲ್ಲಿ ಹಳೇ ಸಂಗೀತ ಕಛೇರಿ ಪೋಸ್ಟರುಗಳಿವೆ. ಏಳು ಇದ್ದವು, ಒಂದು ಹಾಳಾಯಿತು. ಉಳಿದ ಆರಕ್ಕೂ ಕಟ್ಟು ಹಾಕಿಸಿ ಹಾಲ್‌ನಲ್ಲಿ ಸಾಲಾಗಿ ತೂಗುಹಾಕಬೇಕು ಅಂತ ಆಸೆ. ಅದಕ್ಕೆ ಮುಂಚೆ ಒಂದ್ಸಲ ನೋಡ್ತೀರಾ?" ಎಂದರು.

ನಾನು ಹಳೇ ಕಾಗದ ಸರಿಮಾಡುವ ಕೆಲಸ ಮಾಡುತ್ತೇನೆ. ಜಾತಕ, ಕ್ರಯಪತ್ರ, ಹರಿದ ಕಾಗದಪತ್ರ, ಮದುವೆ ಫೋಟೋ ಇಂಥವು ಜಾಸ್ತಿ ಬರುತ್ತವೆ. ಪೋಸ್ಟರ್ ಬರುವುದು ಬಲು ಅಪರೂಪ. ಯಾಕೆಂದರೆ ಅದನ್ನು ಯಾರೂ ಎತ್ತಿಡುವುದಿಲ್ಲ. ಒಂದು ವಾರ ಗೋಡೆ ಮೇಲಿದ್ದರೆ ಸಾಕು ಅಂತಲೇ ಅದನ್ನು ಅಚ್ಚು ಹಾಕಿಸುತ್ತಾರೆ. ಮಳೆ ಬಂದರೆ ಕರಗುತ್ತದೆ. ಹಿಂದೆ ಬಳಿದ ಮೈದಾ ಅಂಟಿನ ರುಚಿಗೆ ಹಸು ಕಿತ್ತು ತಿನ್ನುತ್ತದೆ. ಹಾಗಾಗಿ ಆರು ಉಳಿದಿವೆ ಎಂದಾಗ ಮಾರನೇ ದಿನವೇ ಹೊರಟೆ.

ಹಳೇ ಹೆಂಚಿನ ಮನೆ. ಮುಂದಿನ ಭಾಗವನ್ನು ಹೊಸದಾಗಿ ಕಟ್ಟಿಸಿ ಹಾಲ್ ಮಾಡಿದ್ದಾರೆ. ಹಿಂದೆ ನಡುಮನೆ ಹಾಗೇ ಇದೆ. ನಡುಮನೆ ಗೋಡೆಯಲ್ಲಿ ಬಾಗಿಲ ಮೇಲೆ ಮುಂದಕ್ಕೆ ಬಾಗಿದ ಪಟಗಳ ಸಾಲು. ಹಿರಿಯರ ಫೋಟೋಗಳು, ನಡುವೆ ರವಿವರ್ಮನ ಸರಸ್ವತಿ. ನಮ್ಮ ಕಡೆ ಅಚ್ಚಿನ ಕಾಗದವನ್ನು ಗೋಡೆಗೆ ಹಾಕುವುದು ಈಗ ಬಂದ ಫ್ಯಾಷನ್ ಅಲ್ಲ. ರವಿವರ್ಮ 1894ರಲ್ಲಿ ಮುಂಬೈನಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಡಿಮೆ ದುಡ್ಡಿಗೆ ಊರೂರಿನ ಮನೆಗಳಿಗೆ ಬಂದರು. ಆಮೇಲೆ ಕ್ಯಾಲೆಂಡರ್ ಬಂತು. ತಾರೀಕಿನ ಭಾಗ ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸದ ಮನೆ ಮೈಸೂರಿನಲ್ಲಿ ಎಷ್ಟಿದ್ದಾವು ಹೇಳಿ? ಆದರೆ ಕಛೇರಿಯ ಪೋಸ್ಟರಿಗೆ ಯಾರೂ ಕಟ್ಟು ಹಾಕಿಸುತ್ತಿರಲಿಲ್ಲ. ಅದರಲ್ಲಿ ಚಿತ್ರವೇ ಇರುತ್ತಿರಲಿಲ್ಲ. ಬರೀ ಅಕ್ಷರ.

ಹಾಳಾದದ್ದನ್ನು ಮೊದಲು ತರಿಸಿದೆ. ಯಾವಾಗಲೂ ಹಾಗೇ ಮಾಡುತ್ತೇನೆ. ಉಳಿದವಕ್ಕೆ ಏನಾಗಬಾರದು ಅಂತ ಅದೇ ಹೇಳುತ್ತದೆ.

ನಾಲ್ಕು ವರ್ಷದ ಹಿಂದೆ ಅದನ್ನು ಒಂದು ಅಂಗಡಿಯಲ್ಲಿ ಕೊಟ್ಟಿದ್ದರು. ಅವರು ಹಾರ್ಡ್‌ಬೋರ್ಡಿಗೆ ಬಿಳಿ ಅಂಟು ಬಳಿದು ಪೋಸ್ಟರನ್ನು ಪೂರ್ತಿ ಅಂಟಿಸಿದ್ದರು. ಮೇಲೆ ಗಾಜನ್ನು ನೇರವಾಗಿ ಒತ್ತಿ ಕಟ್ಟು ಹಾಕಿದ್ದರು. ಹಾಲ್‌ನಲ್ಲಿ ಪಶ್ಚಿಮದ ಕಿಟಕಿಗೆ ಎದುರಾಗಿ ತೂಗುಹಾಕಿದ್ದಾಯಿತು. ಗುಲಾಬಿ ಕಾಗದ ಈಗ ಒಣಗಿದ ಬಾಳೆಲೆ ಬಣ್ಣಕ್ಕೆ ತಿರುಗಿದೆ. ಕಟ್ಟಿನ ಅಂಚಿನ ಕೆಳಗೆ ಮುಚ್ಚಿಕೊಂಡಿದ್ದ ಅರ್ಧ ಬೆರಳಗಲ ಮಾತ್ರ ಇನ್ನೂ ಗುಲಾಬಿಯಾಗೇ ಇದೆ. ಮಳೆಗಾಲದ ತೇವಕ್ಕೆ ಕಾಗದ ಅಲ್ಲಲ್ಲಿ ಉಬ್ಬಿ ಗಾಜಿಗೆ ಕಚ್ಚಿಕೊಂಡಿತ್ತು. ಗಾಜು ಎತ್ತಿದಾಗ ಘಟ ನುಡಿಸಿದವರ ಹೆಸರಿನ ಅರ್ಧ ಗಾಜಿನ ಜೊತೆಗೇ ಬಂತು.

ಅಂಗಡಿಯವರು ಬೇಕಂತ ಮಾಡಿದ್ದಲ್ಲ. ದೇವರ ಪಟ ಅಂಟಿಸುವ ಹಾಗೆ ಇದನ್ನೂ ಅಂಟಿಸಿದ್ದಾರೆ. ಆದರೆ ಆ ಅಂಟು ಒಮ್ಮೆ ಒಣಗಿದರೆ ಕಾಗದಕ್ಕೆ ಏಟಾಗದಂತೆ ಬಿಡಿಸುವುದು ಆಗದ ಮಾತು. ಕಪ್ಪು ಅಕ್ಷರಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ಕಪ್ಪು ಮಸಿ ಎಂದರೆ ಇಂಗಾಲ. ಬೆಳಕು ಅದನ್ನು ಏನೂ ಮಾಡಲಾರದು. ಅಗ್ಗದ ಗುಲಾಬಿ ಬಣ್ಣಕ್ಕೆ ಆ ಶಕ್ತಿ ಇಲ್ಲ.

ಟ್ರಂಕಿನ ಆರು

ಆರೂ ಡಬಲ್ ಕ್ರೌನ್ ಅಳತೆಯವು. ಅಂದರೆ 20 ಇಂಚು ಅಗಲ, 30 ಇಂಚು ಉದ್ದ. ಮೂರು ಗುಲಾಬಿ, ಎರಡು ಹಳದಿ, ಒಂದು ಬಿಳಿ. ಎಲ್ಲವನ್ನೂ ಎಂಟು ಮಡಿಕೆ ಮಾಡಿ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಮೂಲೆಯಲ್ಲಿ ನುಸಿಗುಳಿಗೆ. ಮೇಷ್ಟ್ರ ತಂದೆ ಬೀದಿಯ ರಾಮೋತ್ಸವದ ಕೆಲಸವನ್ನು ವರ್ಷಗಟ್ಟಲೆ ಹೊತ್ತವರು. ಚಂದಾ ಎತ್ತುವುದು, ಚಪ್ಪರ ಹಾಕಿಸುವುದು, ವಿದ್ವಾಂಸರನ್ನು ಕರೆತರುವುದು, ಪಾನಕ ಕೋಸಂಬರಿ ಹಂಚುವುದು, ಎಲ್ಲ ಅವರದೇ. ಅಂಟಿಸಿ ಮಿಕ್ಕಿದ ಪೋಸ್ಟರಿನಲ್ಲಿ ವರ್ಷಕ್ಕೊಂದನ್ನು ತೆಗೆದಿಟ್ಟಿದ್ದಾರೆ. ಯಾಕೆ ಅಂತ ಮನೆಯವರಿಗೆ ಎಂದೂ ಹೇಳಿರಲಿಲ್ಲವಂತೆ.

ಮೈಸೂರಿನವರಿಗೆ ಈ ಪೋಸ್ಟರುಗಳ ಬೆಲೆ ಬಿಡಿಸಿ ಹೇಳಬೇಕಿಲ್ಲ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ, ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ, ದಸರಾದ ಅರಮನೆ ಕಛೇರಿ, ಇವು ಎಲ್ಲರ ಬಾಯಲ್ಲೂ ಇವೆ. ಆದರೆ ಈ ಊರಿನ ಕಿವಿ ತಯಾರಾದದ್ದು ಬೀದಿ ಬೀದಿಯ ಚಪ್ಪರಗಳಲ್ಲೂ ಹೌದು. ಅಂಥ ಚಪ್ಪರಗಳಲ್ಲಿ ಯಾರು ಹಾಡಿದರು, ಯಾರು ಪಕ್ಕವಾದ್ಯಕ್ಕೆ ಕೂತರು ಎಂದು ಬರೆದಿಟ್ಟ ಪುಸ್ತಕ ಇಲ್ಲ. ಗೋಡೆಗೆ ಅಂಟಿಸಿದ ಕಾಗದವೇ ಲೆಕ್ಕ. ಅದು ಹೋದರೆ ಲೆಕ್ಕವೂ ಹೋಯಿತು. ನಾನು ಈ ಕೆಲಸ ಒಪ್ಪಿಕೊಂಡದ್ದು ಅದಕ್ಕೇ.

ಒಂದು ಗುಲಾಬಿ ಹಾಳೆಯನ್ನು ನಡುಮನೆ ನೆಲದ ಮೇಲೆ ಬಿಡಿಸಿ ಮಧ್ಯಾಹ್ನವೆಲ್ಲ ಓದುತ್ತಾ ಕೂತೆವು. ಮೇಲೆ ನಡುವಿನಲ್ಲಿ "ಶ್ರೀ". ಅದರ ಕೆಳಗೆ ಸಂವತ್ಸರ, ಮಾಸ, ತಿಥಿ, ವಾರ. ಮುಖ್ಯ ವಿದ್ವಾಂಸರ ಹೆಸರು ಮೂರು ಇಂಚು ಎತ್ತರದ ಮರದ ಅಚ್ಚಿನಲ್ಲಿ. ಮರದ ನಾರಿನ ಗೆರೆಗಳು ಮಸಿಯ ಒಳಗೇ ಸಣ್ಣಗೆ ಕಾಣುತ್ತವೆ. ಕೆಳಗೆ ಪಿಟೀಲು, ಮೃದಂಗ, ಘಟ ಎಂದು ಬಿಡಿಬಿಡಿಯಾಗಿ ಸೀಸದ ಅಚ್ಚುಮೊಳೆಯ ಚಿಕ್ಕ ಅಕ್ಷರ. "ವಿದ್ವಾನ್" ಎಂಬಲ್ಲಿ ದಕಾರದ ಕೆಳಗಿನ ವತ್ತು ಸ್ವಲ್ಪ ಬಲಕ್ಕೆ ಸರಿದಿದೆ. ಕನ್ನಡದ ಒತ್ತಕ್ಷರಕ್ಕೆ ಬೇರೆಯೇ ಮೊಳೆ ಬೇಕು, ಅದು ಕೆಳಗಿನ ಸಾಲಿನ ಜಾಗ ತಿನ್ನುತ್ತದೆ. ಅದಕ್ಕೇ ನಮ್ಮ ಹಳೇ ಪೋಸ್ಟರುಗಳಲ್ಲಿ ಸಾಲಿಗೂ ಸಾಲಿಗೂ ಅಷ್ಟೊಂದು ಅಂತರ. ಇಂಗ್ಲಿಷ್ ಪೋಸ್ಟರಿನಂತೆ ಒತ್ತೊತ್ತಾಗಿ ಜೋಡಿಸಲು ಬರುವುದಿಲ್ಲ. ಆ ಬಿಡುವೇ ಈಗ ಗೋಡೆ ಮೇಲೆ ನೋಡಿದರೆ ಎಷ್ಟು ಚೆಂದ ಕಾಣುತ್ತದೆ!

ಕೊನೆಯ ಸಾಲು ಸಣ್ಣದು. "ಸ್ತ್ರೀಯರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ."

ಈ ಹಾಳೆಯ ವಿಶೇಷ ಇನ್ನೊಂದಿದೆ. ಪಿಟೀಲು ಎಂಬ ಸಾಲಿನ ಮುಂದೆ ಒಂದು ಬಿಳಿ ಚೀಟಿ ಅಂಟಿಸಿದೆ. ಎರಡು ಬೆರಳಗಲ, ಗೇಣುದ್ದ. ಅದರ ಮೇಲೆ ನೀಲಿ ಮಸಿಯಲ್ಲಿ ಕೈಬರಹದಲ್ಲಿ ಬೇರೆ ಹೆಸರು. ಮೇಷ್ಟ್ರು ನೋಡಿದ ತಕ್ಷಣ "ಇದು ಅಪ್ಪನ ಅಕ್ಷರ" ಎಂದರು. ಅವರ ತಂದೆ ಳಕಾರದ ಬಾಲವನ್ನು ಉದ್ದಕ್ಕೆ ಎಳೆಯುತ್ತಿದ್ದರಂತೆ. ಚೀಟಿಯಲ್ಲಿ ಅದೇ ಬಾಲ ಇದೆ. ಹಾಳೆಯ ನಾಲ್ಕು ಮೂಲೆಯಲ್ಲೂ ಮೊಳೆ ಹೊಡೆದ ತೂತು. ಅಂದರೆ ಇದು ಮಿಕ್ಕಿದ ಹಾಳೆ ಅಲ್ಲ. ಚಪ್ಪರದ ಬಾಗಿಲಲ್ಲಿ ನಿಜವಾಗಿ ಕೂತು ಬಂದದ್ದು.

ಮನೆಯಲ್ಲೊಂದು ನಂಬಿಕೆ ಇತ್ತು. ಚೀಟಿಯ ಕೆಳಗೆ ಇರುವುದು ಪಿಟೀಲು ಚೌಡಯ್ಯನವರ ಹೆಸರು ಅಂತ. ಅವರು ಬರಬೇಕಿತ್ತು, ಕೊನೇ ಗಳಿಗೆಯಲ್ಲಿ ಬರಲಾಗಲಿಲ್ಲ, ಅದಕ್ಕೆ ಚೀಟಿ ಅಂಟಿಸಿದರು ಅಂತ ಕಥೆ. ಚೀಟಿ ಬಿಡಿಸಿ ನೋಡೋಣವೇ ಎಂದು ಮೇಷ್ಟ್ರು ಕೇಳಿದರು. ಕೇಳುವಾಗ ಅವರ ದನಿಯಲ್ಲಿದ್ದ ಆಸೆ ನನಗೆ ಅರ್ಥವಾಯಿತು.

ಬೇಡ ಎಂದೆ. ಮೊದಲು ಇಸವಿ ತಿಳಿಯೋಣ. ಪೋಸ್ಟರಿನಲ್ಲಿ ಇಸವಿ ಇರಲಿಲ್ಲ, "ಸೌಮ್ಯ ಸಂವತ್ಸರ" ಎಂದಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ 1987ರ ಯುಗಾದಿಗೆ ಶುರುವಾಯಿತು, ಅದರ ಹಿಂದಿನದು 1927ಕ್ಕೆ. ಸೌಮ್ಯ 43ನೆಯದು. 1927ರಿಂದ ಎಣಿಸಿದರೆ 1969ರ ಯುಗಾದಿಗೆ ಬಂದು ನಿಲ್ಲುತ್ತದೆ. ಅದರ ಹಿಂದಿನ ಸೌಮ್ಯ 1909, ಆಗ ಮೇಷ್ಟ್ರ ತಂದೆ ಹುಟ್ಟಿರಲೇ ಇಲ್ಲ. ಮುಂದಿನದು 2029. ಹಾಗಾಗಿ ಇದು 1969ರ ಚೈತ್ರ, ಅನುಮಾನವೇ ಇಲ್ಲ. ಚೌಡಯ್ಯನವರು ತೀರಿಕೊಂಡದ್ದು 1967ರ ಜನವರಿಯಲ್ಲಿ. ಚೀಟಿಯ ಕೆಳಗೆ ಅವರ ಹೆಸರು ಇರಲು ಸಾಧ್ಯವಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೂ ಕಷ್ಟವಾಯಿತು. ಆಮೇಲೆ ಹಾಳೆಯನ್ನು ತಿರುವಿ ಅವರ ಬೆರಳನ್ನು ಚೀಟಿಯ ಹಿಂಬದಿಯ ಜಾಗಕ್ಕೆ ಇಟ್ಟೆ. ಮೊಳೆ ಅಚ್ಚಿನಲ್ಲಿ ಅಕ್ಷರ ಕಾಗದಕ್ಕೆ ಒತ್ತಿರುತ್ತದೆ, ಹಿಂದುಗಡೆ ಉಬ್ಬಾಗಿ ಬೆರಳಿಗೆ ಸಿಗುತ್ತದೆ. ಟಾರ್ಚನ್ನು ಹಾಳೆಗೆ ಸಮನಾಗಿ ಪಕ್ಕದಿಂದ ಹಿಡಿದಾಗ ಉಬ್ಬಿನ ನೆರಳು ಬಿದ್ದು ಹೆಸರು ಹಿಂದುಮುಂದಾಗಿ ಕಂಡಿತು. ಊರಿನವರೇ ಒಬ್ಬ ಪಿಟೀಲು ವಿದ್ವಾಂಸರು. ಮನೆಯವರು ಬೇಡ ಎಂದಿದ್ದರಿಂದ ಹೆಸರು ಬರೆಯುವುದಿಲ್ಲ. ಮೇಷ್ಟ್ರಿಗೆ ಅವರ ಪರಿಚಯವಿತ್ತು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಆಡಿದ್ದರಂತೆ. ಚೀಟಿ ಬಿಡಿಸುವ ಮಾತು ಅಲ್ಲಿಗೆ ನಿಂತಿತು.

ಮಗಳ ರೂಮಿನ ಹಕ್ಕಿ

ಮೇಷ್ಟ್ರ ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ರೂಮಿನ ಗೋಡೆ ಮೇಲೆ ಕೆಂಪು ಬಣ್ಣದ ಒಂದು ಪೋಸ್ಟರ್ ಇದೆ. ಗಿಟಾರಿನ ಕುತ್ತಿಗೆ, ಅದನ್ನು ಹಿಡಿದ ಕೈ, ಮೇಲೆ ಕೂತ ಬಿಳಿ ಹಕ್ಕಿ. ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದ್ದು. ಆನ್‌ಲೈನಿನಲ್ಲಿ "ವಿಂಟೇಜ್" ಎಂದು ನೋಡಿ ತರಿಸಿದ್ದಂತೆ. "ಇದನ್ನೂ ನೋಡಿ, ಇದು ನಿಜವಾಗಿ ಹಳೇದಾ?" ಎಂದು ಕೇಳಿದಳು.

ಭೂತಗನ್ನಡಿ ಇಟ್ಟು ನೋಡಿದೆ. ಕೆಂಪಿನ ಒಳಗೆಲ್ಲ ಸಣ್ಣ ಚುಕ್ಕಿಗಳು. ಅರ್ನಾಲ್ಡ್ ಸ್ಕೋಲ್ನಿಕ್ ಆ ಚಿತ್ರ ಮಾಡಿದ್ದು ಬಣ್ಣದ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ ಜೋಡಿಸಿ. ಅದರಲ್ಲಿ ಇರುವುದು ಬರೀ ಸಪಾಟು ಬಣ್ಣಗಳು. ಸಪಾಟು ಕೆಂಪನ್ನು ಕೆಂಪು ಮಸಿಯಿಂದಲೇ ಒತ್ತಿದರೆ ಚುಕ್ಕಿ ಬರುವುದಿಲ್ಲ. ಚುಕ್ಕಿ ಇದೆ ಎಂದರೆ ಒಂದು ಪೋಸ್ಟರಿನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದಾರೆ. "ಇದು ಈಚಿನ ನಕಲು" ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವಂಥದ್ದೂ ಅಲ್ಲ. ನಕಲಿಗೆ ಒಂದು ದೊಡ್ಡ ಅನುಕೂಲ ಇದೆ. ಅದನ್ನು ಬಿಸಿಲಿಗೆ ಹಾಕಬಹುದು.

ಆ ಹಕ್ಕಿಯ ಕಥೆ ಹೇಳಿದೆ. ಸ್ಕೋಲ್ನಿಕ್ ಆ ದಿನಗಳಲ್ಲಿ ನ್ಯೂಯಾರ್ಕ್ ಹತ್ತಿರದ ಒಂದು ದ್ವೀಪದಲ್ಲಿದ್ದರು. ಅಲ್ಲಿನ ಕ್ಯಾಟ್‌ಬರ್ಡ್ ಎಂಬ ಹಕ್ಕಿಯನ್ನು ಬರೆಯುತ್ತಾ ಕೂತಿದ್ದರು. ಎಲ್ಲರೂ ಪಾರಿವಾಳ ಎನ್ನುವುದು ಆ ಹಕ್ಕಿಯನ್ನೇ. ಮೊದಲು ಅದು ಕೊಳಲಿನ ಮೇಲೆ ಕೂತಿತ್ತು, ಆಮೇಲೆ ಗಿಟಾರಿಗೆ ಬಂತು. ಅದಕ್ಕೂ ಮುಂಚೆ ಡೇವಿಡ್ ಬರ್ಡ್ ಎಂಬ ಕಲಾವಿದರು ಆ ಉತ್ಸವಕ್ಕೆ ಬೇರೆ ಪೋಸ್ಟರ್ ಮಾಡಿದ್ದರು. ಆದರೆ ಉತ್ಸವ ನಡೆಯಬೇಕಿದ್ದ ವಾಲ್‌ಕಿಲ್ ಊರಿನವರು ಜುಲೈನಲ್ಲಿ ಅನುಮತಿ ಕೊಡಲಿಲ್ಲ. ಉತ್ಸವ ಬೆತೆಲ್‌ನ ಮ್ಯಾಕ್ಸ್ ಯಾಸ್ಗರ್ ಎಂಬ ಹಾಲಿನ ರೈತರ ಜಮೀನಿಗೆ ಹೋಯಿತು. ಜಾಗ ಬದಲಾಯಿತು, ಪೋಸ್ಟರೂ ಬದಲಾಯಿತು. ಕೆಂಪು ಪೋಸ್ಟರಿನಲ್ಲಿ ಹೆಸರು ಹಾಕಿದವರೆಲ್ಲ ಬರಲೂ ಇಲ್ಲ. ಜೆಫ್ ಬೆಕ್ ಗ್ರೂಪ್, ಐರನ್ ಬಟರ್‌ಫ್ಲೈ ಎರಡೂ ತಂಡಗಳ ಹೆಸರು ಭಾನುವಾರದ ಪಟ್ಟಿಯಲ್ಲಿವೆ. ಎರಡೂ ವೇದಿಕೆ ಹತ್ತಲಿಲ್ಲ.

ಇಷ್ಟು ಹೇಳುವಾಗ ಅವಳು ಪೋಸ್ಟರಿನ ಹತ್ತಿರ ಹೋಗಿ ಶುಕ್ರವಾರದ ಪಟ್ಟಿಯಲ್ಲಿ ಬೆರಳಿಟ್ಟಳು. ರವಿಶಂಕರ್. ಅವರು ಆ ರಾತ್ರಿ ಮಳೆಯಲ್ಲೇ ಸಿತಾರ್ ನುಡಿಸಿದರು. ಎರಡು ವರ್ಷ ಮೊದಲು ಮಾಂಟೆರೆ ಉತ್ಸವದಲ್ಲೂ ನುಡಿಸಿದ್ದರು. ಈ ಪೋಸ್ಟರಿನಲ್ಲಿ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ, ಅಕ್ಷರಮಾಲೆಯ ಸಾಲಿನಲ್ಲಿ ಇವೆ. ದೊಡ್ಡವರು ಮೇಲೆ, ಚಿಕ್ಕವರು ಕೆಳಗೆ ಅಂತಿಲ್ಲ. ನಮ್ಮದರಲ್ಲಿ ಹಾಡುವವರು ಮೂರು ಇಂಚು, ಘಟ ಅರ್ಧ ಇಂಚು. ಅವಳಿಗೆ ಇದು ಸರಿ ಅನ್ನಿಸಲಿಲ್ಲ. ನನಗೆ ಆ ಅಳತೆಯಲ್ಲೇ ಕಛೇರಿಯ ಕ್ರಮ ಕಾಣುತ್ತದೆ. ಇಬ್ಬರೂ ಒಪ್ಪಲಿಲ್ಲ.

ವುಡ್‌ಸ್ಟಾಕ್ ನಡೆದದ್ದು ಆಗಸ್ಟ್ 15ರಿಂದ 18. ಇಸವಿ 1969. ನಡುಮನೆಯಲ್ಲಿ ಬಿಡಿಸಿಟ್ಟಿದ್ದ ಸೌಮ್ಯ ಸಂವತ್ಸರದ್ದೇ ವರ್ಷ. ಮಗಳು ಅಜ್ಜನ ಪೋಸ್ಟರಿನ ಪಕ್ಕ ಬಂದು ಕೂತದ್ದು ಆವತ್ತೇ ಮೊದಲು.

ಕೆಲಸ

ಕೆಲಸಕ್ಕೆ ಮುಂಚೆ ಪರೀಕ್ಷೆ. ಪ್ರತಿ ಹಾಳೆಯ ಮೂಲೆಯಲ್ಲಿ ಕಡ್ಡಿಯಿಂದ ಒಂದು ಸಣ್ಣ ಹನಿ ನೀರಿಟ್ಟು ಬ್ಲಾಟಿಂಗ್ ಪೇಪರ್ ಒತ್ತಿದೆ. ಗುಲಾಬಿ ಮೂರೂ ಬಣ್ಣ ಬಿಟ್ಟವು. ಹಳದಿ ಸ್ವಲ್ಪ ಬಿಟ್ಟಿತು. ಬಿಳಿ ಬಿಡಲಿಲ್ಲ. ಅಲ್ಲಿಗೆ ಐದು ಹಾಳೆಗಳನ್ನು ತೊಳೆಯುವ ಯೋಚನೆ ಕೈಬಿಟ್ಟೆ. ಕಾಗದದಲ್ಲಿರುವ ಹುಳಿಯನ್ನು ನೀರಿನಿಂದ ತೊಳೆದು ಕಡಿಮೆ ಮಾಡುವ ವಿಧಾನ ಇದೆ, ಅದರಿಂದ ಆಯಸ್ಸು ಹೆಚ್ಚುತ್ತದೆ. ಆದರೆ ಬಣ್ಣವೇ ಹೋದ ಮೇಲೆ ಆಯಸ್ಸು ತಗೊಂಡು ಏನು ಮಾಡುವುದು?

ಮೇಷ್ಟ್ರು ಒಂದು ಸಲಹೆ ಕೊಟ್ಟರು. ತಾಳೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುತ್ತಾರಲ್ಲ, ಇದಕ್ಕೂ ಹಚ್ಚಬಹುದಲ್ವಾ ಅಂತ. ತಾಳೆಗರಿಗೆ ಅದು ಒಳ್ಳೆಯದು. ಗರಿ ಒಣಗಿ ಒಡೆಯದಂತೆ ಕಾಯುತ್ತದೆ, ಹುಳವೂ ದೂರ. ಆದರೆ ಕಾಗದ ಎಣ್ಣೆಯನ್ನು ಹೀರಿಕೊಂಡು ಕಲೆಯಾಗುತ್ತದೆ. ಕೋಡುಬಳೆ ಸುತ್ತಿದ ಪೇಪರ್ ನೋಡಿದರೆ ಗೊತ್ತಾಗುತ್ತದೆ.

ಮೃದು ಬ್ರಷ್ಷಿನಿಂದ ದೂಳು ತೆಗೆದೆ. ರಬ್ಬರನ್ನು ತುರಿಮಣೆಯಲ್ಲಿ ತುರಿದು, ಆ ಪುಡಿಯನ್ನು ಹಾಳೆ ಮೇಲೆ ಉದುರಿಸಿ ಬೆರಳ ತುದಿಯಲ್ಲಿ ಸುತ್ತ ಸುತ್ತ ಆಡಿಸಿದೆ. ಪುಡಿ ಕಪ್ಪಾದಂತೆ ಕಾಗದ ಬೆಳಗಾಗುತ್ತದೆ. ಒಂದು ಹಾಳೆಗೆ ಒಂದು ಇಡೀ ದಿನ.

ಮಡಿಕೆ ಬಿಡಿಸಲು ಕಾಗದಕ್ಕೆ ಸ್ವಲ್ಪ ತೇವ ಬೇಕು. ನೀರು ತಾಗಬಾರದು, ಆವಿ ತಾಗಬೇಕು. ಮುಚ್ಚಳವಿರುವ ದೊಡ್ಡ ಡಬ್ಬಿಯ ತಳದಲ್ಲಿ ಒದ್ದೆ ಬಟ್ಟೆ, ಮೇಲೆ ಜಾಲರಿ, ಜಾಲರಿ ಮೇಲೆ ಹಾಳೆ. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಎರಡನೇ ಗುಲಾಬಿ ಹಾಳೆಯನ್ನು ಇರಬೇಕಾದ್ದಕ್ಕಿಂತ ಹತ್ತು ನಿಮಿಷ ಜಾಸ್ತಿ ಬಿಟ್ಟೆ. ತೆಗೆದು ಬ್ಲಾಟಿಂಗ್ ಪೇಪರಿನ ನಡುವೆ ತೂಕ ಇಟ್ಟೆ. ಬೆಳಿಗ್ಗೆ ನೋಡಿದರೆ ಪೇಪರಿನ ಮೇಲೆ ಮಾಸಲು ಗುಲಾಬಿಯ ಚೌಕ. ಹಾಳೆಯ ಒಂದು ಮಡಿಕೆಯ ಉದ್ದಕ್ಕೂ ಬಣ್ಣ ಒಂದು ಎಳೆಯಷ್ಟು ತೆಳುವಾಗಿದೆ. ಮನೆಯವರಿಗೆ ಆವತ್ತೇ ತೋರಿಸಿದೆ. ಕೆಲಸದ ಟಿಪ್ಪಣಿಯಲ್ಲೂ ಬರೆದಿದ್ದೇನೆ. ಉಳಿದವನ್ನು ಗಡಿಯಾರ ಎದುರಿಗಿಟ್ಟುಕೊಂಡು ಮಾಡಿದೆ.

ಹರಿದ ಕಡೆ ಕೂಡಿಸಲು ಅಂಟು. ಪೋಸ್ಟರ್ ಅಂಟಿಸುವವರು ಮೈದಾ ಬೇಯಿಸಿ, ಹುಳ ಬರದಿರಲಿ ಅಂತ ಮೈಲುತುತ್ತ ಹಾಕುತ್ತಾರೆ. ಒಂದು ವಾರಕ್ಕೆ ಅದು ಸಾಕು. ಆದರೆ ಮೈಲುತುತ್ತದಲ್ಲಿರುವ ತಾಮ್ರ ಕಾಗದದ ನಾರನ್ನು ಬೇಗ ತಿಂದುಹಾಕುತ್ತದೆ. ಮೈದಾದಲ್ಲಿರುವ ಜಿಗುಟು ಅಂಶ ಕಾಲ ಕಳೆದಂತೆ ಗಟ್ಟಿಯಾಗಿ ಹಳದಿಯಾಗುತ್ತದೆ, ಜಿರಳೆಗೂ ಅದೇ ಬೇಕು. ನಮಗೆ ಬೇಕಿರುವುದು ಆ ಜಿಗುಟು ತೆಗೆದ ಬರೀ ಗೋಧಿ ಪಿಷ್ಟ. ಹೊರಗಿಂದ ತರಿಸುತ್ತೇನೆ ಎಂದು ವಿವರಿಸುತ್ತಿದ್ದೆ. ಮೇಷ್ಟ್ರ ಹೆಂಡತಿ ಕೇಳುತ್ತಾ ನಿಂತಿದ್ದವರು "ಇದು ಹಲ್ವಕ್ಕೆ ಮಾಡೋ ಗೋಧಿ ಹಾಲಲ್ವಾ?" ಎಂದರು.

ಅದೇ! ಹಿಟ್ಟು ಕಲಸಿ, ನೀರಿನಲ್ಲಿ ಹಿಸುಕಿ ಹಿಸುಕಿ ಹಾಲು ತೆಗೆದು, ರಾತ್ರಿಯೆಲ್ಲ ತಿಳಿಯಾಗಲು ಬಿಟ್ಟು, ಮೇಲಿನ ನೀರು ಚೆಲ್ಲಿದರೆ ತಳದಲ್ಲಿ ಬೆಳ್ಳಗೆ ಕೂತಿರುತ್ತದೆ. ಕೈಯಲ್ಲಿ ಉಳಿಯುವ ರಬ್ಬರಿನಂಥ ಉಂಡೆಯೇ ಆ ಜಿಗುಟು. ಅವರು ಮೂರು ಸಲ ನೀರು ಬದಲಾಯಿಸಿ ಮಾಡಿಕೊಟ್ಟರು. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದಾಗ ಬಿಳಿ ಹಾಲು ಹೊಳಪಾಗಿ, ಅರೆಪಾರದರ್ಶಕವಾಗಿ ಗಟ್ಟಿಯಾಯಿತು. ಜರಡಿಯಲ್ಲಿ ಎರಡು ಸಲ ಸೋಸಿದೆ. ಈ ಅಂಟಿನ ಒಳ್ಳೆಯ ಗುಣ ಏನೆಂದರೆ, ಮುಂದೆ ಯಾರಿಗಾದರೂ ಬಿಡಿಸಬೇಕು ಅನ್ನಿಸಿದರೆ ಸ್ವಲ್ಪ ತೇವಕ್ಕೇ ಬಿಟ್ಟುಕೊಡುತ್ತದೆ. ಜಪಾನಿ ಕಾಗದದ ಎಳೆ ಎಳೆಯಾದ ಪಟ್ಟಿಗಳನ್ನು ಹರಿದು, ಅಂಟನ್ನು ಆದಷ್ಟು ಒಣಗಲಾಗಿ ಬಳಿದು, ಹಿಂಬದಿಯಿಂದ ಹರಿದ ಜಾಗಗಳಿಗೆ ಕೂರಿಸಿದೆ. ಕತ್ತರಿಸಬಾರದು, ಹರಿಯಬೇಕು. ಹರಿದಾಗ ಅಂಚಿನಲ್ಲಿ ನಾರು ಉಳಿಯುತ್ತದೆ, ಆ ನಾರೇ ಹಿಡಿಯುವುದು.

ಚೀಟಿಯನ್ನು ಮುಟ್ಟಲಿಲ್ಲ. ಅದರ ಒಂದು ಮೂಲೆ ಎದ್ದಿತ್ತು, ಅದನ್ನು ಮಾತ್ರ ಮತ್ತೆ ಕೂರಿಸಿದೆ. ಮೊಳೆ ತೂತುಗಳನ್ನು ಮುಚ್ಚಲಿಲ್ಲ. ತುಕ್ಕಿನ ಕಲೆಯನ್ನೂ ತೆಗೆಯಲಿಲ್ಲ. ಆ ಹಾಳೆ ಚಪ್ಪರದ ಬಾಗಿಲಲ್ಲಿ ಇತ್ತು ಎಂಬುದಕ್ಕೆ ಇವೇ ಸಾಕ್ಷಿ.

ಗೋಡೆ

ಇನ್ನು ಎಲ್ಲಿ ಹಾಕುವುದು? ಮೇಷ್ಟ್ರ ಆಸೆ ಆರನ್ನೂ ಹಾಲ್‌ನಲ್ಲಿ. ನನ್ನ ಮಾತು ಒಂದನ್ನೂ ಬೇಡ. ಇದರ ಮೇಲೆ ಎರಡು ವಾರ ಮಾತಾಯಿತು. ಫೋನಿನ ಆ್ಯಪಿನಲ್ಲಿ ಬೆಳಕು ಅಳೆದು ತೋರಿಸಿದೆ. ಮ್ಯೂಸಿಯಂಗಳಲ್ಲಿ ಇಂಥ ಕಾಗದಕ್ಕೆ 50 ಲಕ್ಸ್ ಬೆಳಕು ಮಿತಿ. ಇವರ ಹಾಲ್‌ನಲ್ಲಿ ಸಂಜೆ ನಾಲ್ಕಕ್ಕೆ ಅದರ ಎಷ್ಟೋ ಪಟ್ಟು. ನೇರ ಬಿಸಿಲಾದರೆ ಒಂದು ಲಕ್ಷ ಲಕ್ಸ್ ಹತ್ತಿರ ಹೋಗುತ್ತದೆ. ಯುವಿ (ಅತಿನೇರಳೆ) ಕಿರಣ ತಡೆಯುವ ಗಾಜು ಹಾಕಿದರೆ ಸಾಕಲ್ವಾ ಎಂದು ಮಗಳು ಕೇಳಿದಳು. ಅರ್ಧ ಸಾಕು. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಮತ್ತೆ ಬೆಳಕಿನ ಏಟು ಕೂಡುತ್ತಾ ಹೋಗುತ್ತದೆ, ರಾತ್ರಿ ಕತ್ತಲಾದರೆ ವಾಸಿಯಾಗುವುದಿಲ್ಲ.

ಜಗನ್ಮೋಹನ ಅರಮನೆಯಲ್ಲಿ ಚಿತ್ರಕಾರ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದನ್ನು ಕತ್ತಲೆ ಕೋಣೆಯಲ್ಲಿ ಇಟ್ಟಿದ್ದಾರೆ. ದೀಪದ ಹೊಳಪು ಕಾಣಲಿ ಅಂತ ಮಾಡಿದ ಕತ್ತಲೆ ಅದು. ಆದರೆ ಅದು ಕಾಗದದ ಮೇಲಿನ ಜಲವರ್ಣ. ಆ ಕತ್ತಲೆ ಅದನ್ನು ಕಾಯುತ್ತಲೂ ಇದೆ. ಇದನ್ನು ಹೇಳಿದಾಗ ಮೇಷ್ಟ್ರು, "ಮನೆಯನ್ನು ಕತ್ತಲೆ ಕೋಣೆ ಮಾಡೋಕಾಗುತ್ತಾ? ಪೆಟ್ಟಿಗೆಯಲ್ಲಿಟ್ಟರೆ ಅಪ್ಪ ಇಟ್ಟ ಹಾಗೇ ಆಯಿತು. ಯಾರು ನೋಡಿದರು?" ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಮತ್ತೆ ಅವರ ಹೆಂಡತಿಯಿಂದ. "ಗೊಂಬೆ ಥರ ಮಾಡಬಹುದಲ್ವಾ?"

ದಸರಾ ಗೊಂಬೆಗಳನ್ನು ನಾವು ವರ್ಷಪೂರ್ತಿ ಹಾಲ್‌ನಲ್ಲಿ ಇಡುವುದಿಲ್ಲ. ಹಳೇ ಸೀರೆ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತೇವೆ. ನವರಾತ್ರಿಗೆ ತೆಗೆದು ಕೂರಿಸುತ್ತೇವೆ, ಬೀದಿಯವರೆಲ್ಲ ಬಂದು ನೋಡುತ್ತಾರೆ, ಮುಗಿದ ಮೇಲೆ ಮತ್ತೆ ಒಳಗೆ. ಆ ಮನೆಯ ಪಟ್ಟದ ಗೊಂಬೆಗಳು ಅವರ ಅಜ್ಜಿಯ ಕಾಲದವು. ಬಣ್ಣ ಇನ್ನೂ ಹಾಗೇ ಇದೆ. ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಹಾಗೇ ತೀರ್ಮಾನವಾಯಿತು. ರಾಮೋತ್ಸವದ ಪೋಸ್ಟರ್ ರಾಮೋತ್ಸವಕ್ಕೆ ಹೊರಗೆ ಬರಲಿ. ಯುಗಾದಿಯ ಮಾರನೇ ದಿನ ಗೋಡೆಗೆ, ಹತ್ತು ದಿನ, ಆಮೇಲೆ ಒಳಗೆ. ವರ್ಷಕ್ಕೆ ಒಂದೇ ಹಾಳೆ. ಆರು ಇರುವುದರಿಂದ ಒಂದೊಂದರ ಸರದಿ ಆರು ವರ್ಷಕ್ಕೊಮ್ಮೆ.

ಉಳಿದ ದಿನ ನಕಲು. ಎರಡು ಕಡೆಯಿಂದ ಸಮನಾಗಿ ಬೆಳಕು ಬಿಟ್ಟು ಆರರ ಫೋಟೋ ತೆಗೆದೆವು. ಮಗಳು ಅದನ್ನು ಹತ್ತಿಯ ಕಾಗದದ ಮೇಲೆ ಪ್ರಿಂಟ್ ಹಾಕಿಸಿದಳು. ಮಡಿಕೆ ಗೆರೆ, ಕಲೆ, ಚೀಟಿ ಯಾವುದನ್ನೂ ಕಂಪ್ಯೂಟರಿನಲ್ಲಿ ಅಳಿಸಬೇಡ ಎಂದಿದ್ದೆ, ಅಳಿಸಲಿಲ್ಲ. ಪ್ರತಿಯೊಂದರ ಹಿಂದೆ "ನಕಲು" ಎಂದು ಬರೆದು ತಾರೀಕು ಹಾಕಿದ್ದಾಳೆ. ನಾಳೆ ಯಾರೂ ಅದನ್ನು ಹಳೇದು ಅಂತ ಮಾರಬಾರದಲ್ಲ. ಹಾಲ್‌ನಲ್ಲಿ ಈಗ ಆರು ನಕಲು ಸಾಲಾಗಿವೆ. ಏಳನೆಯದಾಗಿ ಕೆಂಪು ಪೋಸ್ಟರಿನ ಹಕ್ಕಿಯೂ ಬಂದಿದೆ, ಸೌಮ್ಯ ಸಂವತ್ಸರದ ಪಕ್ಕದಲ್ಲೇ. ಆ ಜಾಗಕ್ಕೆ ಸಂಜೆ ಬಿಸಿಲು ನೇರ ಬೀಳುತ್ತದೆ. ಬೀಳಲಿ.

ಮೂಲ ಹಾಳೆಗೆ ನಡುಮನೆಯ ಒಳಗೋಡೆ. ಹೊರಗೋಡೆ ಮಳೆಗಾಲದಲ್ಲಿ ತಣ್ಣಗೆ ಬೆವರುತ್ತದೆ, ಅಲ್ಲಿ ಬೇಡ. ಒಂದೇ ಕಟ್ಟು, ಹಿಂದಿನಿಂದ ಬಿಚ್ಚಿ ಹಾಳೆ ಬದಲಾಯಿಸುವಂಥದ್ದು. ಗಾಜಿಗೂ ಕಾಗದಕ್ಕೂ ನಡುವೆ ಹುಳಿಯಿಲ್ಲದ ರಟ್ಟಿನ ಚೌಕಟ್ಟು, ಅದರಿಂದ ಅಂತರ. ಮೇಲಿನ ಎರಡು ಮೂಲೆಯಲ್ಲಿ ಮಾತ್ರ ಜಪಾನಿ ಕಾಗದದ ಕೀಲು, ಉಳಿದ ಕಡೆ ಕಾಗದ ಸಡಿಲ. ಹವೆಗೆ ತಕ್ಕಂತೆ ಅದು ಹಿಗ್ಗಲಿ ಕುಗ್ಗಲಿ. ಕಟ್ಟಿನ ಹಿಂದೆ ಬಿರಡೆಯ ಚೂರುಗಳು, ಗಾಳಿ ಆಡಲು. ಉಳಿದ ಐದು ಮಡಿಸದೆ ಚಪ್ಪಟೆಯಾಗಿ ಡಬ್ಬಿಯಲ್ಲಿ, ಮಂಚದ ಕೆಳಗೆ. ಅಟ್ಟದಲ್ಲಿ ಹೆಂಚಿನ ಬಿಸಿ ಜಾಸ್ತಿ. ನುಸಿಗುಳಿಗೆ ತೆಗೆಸಿದೆ. ಅದರ ಬದಲು ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡುವುದು.

ಹಾರ್ಡ್‌ಬೋರ್ಡಿಗೆ ಅಂಟಿದ ಏಳನೆಯದನ್ನೂ ಬಿಸಾಡಲಿಲ್ಲ. ಅದರ ಫೋಟೋ ತೆಗೆದು, ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇವೆ. ಘಟದವರ ಹೆಸರಿನ ಅರ್ಧ ಗಾಜಿನ ಮೇಲೆ ತಿರುಗುಮುರುಗಾಗಿ ಇತ್ತಲ್ಲ, ಕನ್ನಡಿ ಹಿಡಿದು ಅದನ್ನೂ ಓದಿ ಬರೆದೆವು.

ಈ ವರ್ಷ ಚೈತ್ರದಲ್ಲಿ ಮೊದಲ ಸಲ ಮೂಲ ಹಾಳೆ ಹೊರಗೆ ಬಂತು. ಯಾವುದು ಎಂದು ಕೇಳುವ ಹಾಗೇ ಇರಲಿಲ್ಲ, ಸೌಮ್ಯ ಸಂವತ್ಸರದ್ದೇ. ರಾಮನವಮಿಯ ಸಂಜೆ ಪಾನಕಕ್ಕೆ ಬೀದಿಯವರು ಬಂದಿದ್ದರು. ನಾನೂ ಹೋಗಿದ್ದೆ. ಹಿಂದಿನ ಬೀದಿಯ ಒಬ್ಬರು ಅಜ್ಜಿ ಕೋಲೂರಿಕೊಂಡು ಬಂದು ಪೋಸ್ಟರಿನ ಎದುರು ನಿಂತರು. ದೊಡ್ಡ ಅಕ್ಷರದ ಹೆಸರನ್ನು ನೋಡಿ ತಲೆಯಾಡಿಸಿದರು. ಚೀಟಿಯನ್ನು ನೋಡಿದರು. ಆಮೇಲೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಕೊನೆಯ ಸಾಲನ್ನು ಬಾಯಿಬಿಟ್ಟು ಓದಿದರು. "ಸ್ತ್ರೀಯರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ."

"ಅಲ್ಲೇ ಕೂತಿದ್ದೆ ಕಣೇ" ಎಂದು ಮೇಷ್ಟ್ರ ಮಗಳ ಕೈ ಹಿಡಿದುಕೊಂಡರು. "ಎಡಗಡೆ, ಕಂಬದ ಹತ್ತಿರ. ಕಂಬ ಅಡ್ಡ ಬಂದು ಹಾಡೋರ ಮುಖ ಕಾಣ್ತಿರಲಿಲ್ಲ. ಪಿಟೀಲಿನ ಕೈ ಮಾತ್ರ ಕಾಣೋದು."

ಮಗಳು ನೋಟ್‌ಬುಕ್ ತಂದು ಅದನ್ನು ಬರೆದುಕೊಂಡಳು. ಹತ್ತನೇ ದಿನ ಹಾಳೆ ಡಬ್ಬಿಗೆ ಹೋಯಿತು. ಡಬ್ಬಿಯ ಮುಚ್ಚಳದ ಒಳಗಡೆ ಪೆನ್ಸಿಲಿನಲ್ಲಿ ಎರಡು ತಾರೀಕು ಬರೆದಿದ್ದಾರೆ, ತೆಗೆದದ್ದು, ಇಟ್ಟದ್ದು. ಬರೆದವರು ಮೇಷ್ಟ್ರು. ಅವರ ಳಕಾರಕ್ಕೆ ಬಾಲ ಅಷ್ಟು ಉದ್ದ ಇಲ್ಲ.